ಹಸಿ ಸಿಮೆಂಟು

“ನನ್ನ ಶಾಲೇಲಿ ನಿಮ್ಮ ಬಾವಲಿ ಪಾಠ ಮುಗೀತು, ಹೊರಡಿ!” ಮುಖ್ಯೋಪಾಧ್ಯಾಯಿನಿ ಮಕ್ಕಳೆದುರೇ ಅಬ್ಬರಿಸಿದರು. “ತರಗತೀಲಿ ಬಾವಲಿ ಇವೆ ಅಂತ ತಂದೆ ತಾಯಂದಿರು ಬಂದು ನನ್ನ ಜೀವ ತಿಂತಿದಾರೆ. ಬೆಳಿಗ್ಗೇನೇ ಗೋಡೆ ಬಿರುಕು ಮುಚ್ಚಿಸಿದೀನಿ. ಅವೆಲ್ಲ ಆಗಲೇ ಹಾರಿಹೋಗಿದ್ವು.”

“ಹಗಲು ಹೊತ್ತು ಬಾವಲಿ ಎಲ್ಲಿಗೆ ಹೋಗುತ್ತೆ ಮೇಡಂ, ನಿಮ್ಮ ಹಾಗೆ ಮೀಟಿಂಗಿಗಾ?” ಎಂದ ಬಾವಲಿ ಮಾಮ. ಶಾಲೆಯಿಂದ ಶಾಲೆಗೆ ಅಲೆದು ಕಾಡುಜೀವಿಗಳ ಪಾಠ ಹೇಳುವ ಅವನಿಗೆ ಮಕ್ಕಳಿಟ್ಟ ಹೆಸರದು. ಮೂರು ವಾರದಿಂದ ಆರನೇ ತರಗತಿಯವರು ಅವನ ಸ್ಟೆತಸ್ಕೋಪನ್ನು ಕರಿಹಲಗೆಯ ಪಕ್ಕದ ಗೋಡೆಗೆ ಒತ್ತಿ, ಬಿರುಕಿನೊಳಗಿನ ಮರಿಗಳ ಕಿಚಿಕಿಚಿ ಕೇಳುತ್ತಿದ್ದರು. ಈಗ ಆ ಬಿರುಕಿನ ಮೇಲೆ ಅಂಗೈಯಗಲದ ಹಸಿ ಸಿಮೆಂಟು. ಅವನು ಸ್ಟೆತಸ್ಕೋಪನ್ನು ಆಕೆಯ ಮುಂದೆ ಹಿಡಿದ. “ಹಾರಿಹೋಗಿದ್ರೆ ಕೇಳಿ ನೋಡಿ.”

ಮೂವತ್ತು ಮಕ್ಕಳು ನೋಡುತ್ತಿದ್ದರು. ಬೇಡವೆನ್ನಲಾಗದೆ ಆಕೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಬಿಲ್ಲೆಯನ್ನು ಗೋಡೆಗಿಟ್ಟರು. ಒಳಗಿನಿಂದ ಉಗುರುಗಳು ಗೋಡೆಯನ್ನು ಪರಪರ ಕೆರೆಯುತ್ತಿದ್ದವು. ಆಕೆ ಬಿಲ್ಲೆಯನ್ನು ಸರಕ್ಕನೆ ಗೋಡೆಯಿಂದ ತೆಗೆದರು. “ಇಲಿ,” ಎಂದರು. “ಇಲೀನೇ ಇರ್ಬೇಕು.”

“ಸುಳ್ಳು ಹೇಳ್ಬೇಡಿ ಮಿಸ್,” ಎಂದಳು ಮುಂದಿನ ಬೆಂಚಿನ ಹುಡುಗಿ.

ಬಾವಲಿ ಮಾಮ ಮೇಜಿನ ಮೇಲಿದ್ದ ಉಕ್ಕಿನ ಸ್ಕೇಲೆತ್ತಿಕೊಂಡು ಸಿಮೆಂಟು ಕೆರೆಯತೊಡಗಿದ. “ಇನ್ನೊಂದು ಸಲ ಕೆರೆದ್ರೆ ಈ ಜಿಲ್ಲೇಲಿ ಯಾವ ಶಾಲೆಗೂ ನಿಮ್ಮನ್ನ ಸೇರಿಸದ ಹಾಗೆ ಮಾಡ್ತೀನಿ!” ಎಂದು ಆಕೆ ಕಿರುಚಿದರು. “ಮಾಡಿ,” ಎಂದು ಅವನು ಕೆರೆದ. ಹೆಂಟೆಯೊಂದು ಕಳಚಿ ಬಿತ್ತು. ಸಿಮೆಂಟು ಮೆತ್ತಿದ ಬಾವಲಿಯ ಪುಟ್ಟ ಮೂತಿ ಹೊರಗಿಣುಕಿ, ಆಕೆಯತ್ತ ಬಾಯಿ ತೆರೆಯಿತು. ಮುಖ್ಯೋಪಾಧ್ಯಾಯಿನಿ ತಟ್ಟನೆ ತಿರುಗಿ ಹೊರನಡೆದರು. ಸ್ಟೆತಸ್ಕೋಪು ಇನ್ನೂ ಆಕೆಯ ಕಿವಿಯಲ್ಲೇ ಇತ್ತು. ಅದನ್ನು ಕೊಟ್ಟುಹೋಗಲೂ ಆಕೆ ತಿರುಗಿ ಬರಲಿಲ್ಲ.