ಬಿಸಿ ಆಯಿಲ್

ಬೆಳಿಗ್ಗೆ ಅವನ ಗೆಳೆಯನಿಗೆ ಗುದ್ದಿ, ತಿರುಗಿಯೂ ನೋಡದೆ ಓಡಿಹೋದ ಕಾರು ಯಾವುದೆಂದು ಇನ್ನೂ ಗೊತ್ತಾಗಿರಲಿಲ್ಲ. ಗೆಳೆಯ ಆಸ್ಪತ್ರೆಯಲ್ಲಿ ಜೀವಕ್ಕೆ ಒದ್ದಾಡುತ್ತಿದ್ದ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ.

"ಓಡಿಸಿದವನು ಸಿಗ್ಲಿ ಬಾವ, ಸಿಗಿದು ತೋರಣ ಕಟ್ತೀನಿ," ಎಂದು ಹಲ್ಲು ಕಡಿಯುತ್ತ ಅವನು ಅಕ್ಕನ ಮನೆಯಂಗಳದಲ್ಲಿ, ಜಾಕ್ ಕೊಟ್ಟು ಎತ್ತಿದ ಕಾರಿನಡಿ ತೂರಿದ.

"ಆಯ್ತು ಹುಲಿರಾಯ, ಮೊದ್ಲು ಗೇರ್ ಆಯಿಲ್ ಇಳಿಸು," ಆಗಷ್ಟೇ ನಿದ್ದೆಯಿಂದೆದ್ದ ಬಾವ ಆಕಳಿಸಿದ. "ವಾರದಿಂದ ಗಾಡಿ ಕದಲಿಲ್ಲ. ಆಯಿಲ್ ತಣ್ಣಗೆ ಮಂದವಾಗಿರುತ್ತೆ, ನಿಧಾನಕ್ಕೆ ಬರುತ್ತೆ."

ಬೋಲ್ಟ್ ಬಿಚ್ಚಿದ್ದೇ ತಡ, ಆಯಿಲ್ ನೀರಿನಂತೆ ಸುರಿದು ಮುಂಗೈ ಚುರ್ರೆಂದು ಸುಟ್ಟಿತು. ಅವನು ತುಟಿ ಕಚ್ಚಿ ಹಿಡಿದ. ಎದೆಯ ಮೇಲೆ ಇಡೀ ಕಾರು. ಜಾಕಿನ ಪಕ್ಕದಲ್ಲೇ ಬಾವನ ಕಾಲು.

"ಏನಾಯ್ತೋ?"

"ಏನಿಲ್ಲ ಬಾವ. ಒಂದು ಹಳೇ ಬಟ್ಟೆ ತಗೊಂಡ್ ಬನ್ನಿ."

ಚಪ್ಪಲಿಯ ಸದ್ದು ಒಳಗೆ ಹೋಯಿತು. ಕಾಲುಂಗುರ ತೊಟ್ಟ ಪಾದಗಳು ಹತ್ತಿರ ಬಂದವು.

"ಅಕ್ಕಾ, ಬಾವನ್ನ ಜಾಕ್ ಹತ್ರ ಬಿಡ್ಬೇಡ," ಅವನು ಪಿಸುಗುಟ್ಟಿದ. "ಆಯಿಲ್ ಸುಡ್ತಿದೆ. ಇವತ್ತು ಬೆಳಿಗ್ಗೆ ಈ ಕಾರು ಓಡಿದೆ. ಗುದ್ದಿದ್ದು ಅವರೇ."

ಅಕ್ಕ ಕುಕ್ಕರುಗಾಲಲ್ಲಿ ಕೂತು ಜಾಕಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮೆಲ್ಲಗೆ ಮಾತಾಡೋ," ಅಂದಳು. "ನಿಮ್ಮ ಬಾವನಿಗೆ ಇನ್ನೂ ಏನೂ ಗೊತ್ತಿಲ್ಲ."