ಸವೆದ ಸಾಬೂನು

"ಕಳ್ಳ ನಮ್ಮೊಳಗೇ ಇದ್ದಾನೆ," ಎಂದು ವ್ಯಾಲೆಂಟೈನ್ ತೆಳ್ಳಗಾದ ಸಾಬೂನಿನ ತುಂಡನ್ನು ಎಲ್ಲರೆದುರು ಎತ್ತಿ ಹಿಡಿದ.

ಅದು ತೊಂಬತ್ತೊಂದರ ಮೇ ತಿಂಗಳು, ಸೋಮವಾರ ಬೆಳಿಗ್ಗೆ. ಕುಂಜತ್ತೂರಿನ ಜೊಕಿಮ್ ಸೋಡಾ ಫ್ಯಾಕ್ಟರಿಯಲ್ಲಿ ಎಷ್ಟು ತುಂಬಿಸಿದರೂ ಸಾಲದಂಥ ಸೆಕೆಗಾಲ. ಅಂಥ ಹೊತ್ತಿನಲ್ಲಿ ಯಂತ್ರ ನಿಲ್ಲಿಸಿ ಒಂದು ತುಂಡು ಸಾಬೂನಿನ ವಿಚಾರಣೆ! ಬಾಟಲಿ ತೊಳೆಯುವ ರಾಜೀವಿ ಮತ್ತು ವಸುಮತಿ ಮುಖ ಮುಖ ನೋಡಿಕೊಂಡರು.

ವ್ಯಾಲೆಂಟೈನನಿಗೆ ಅದು ಸಣ್ಣ ಮಾತಾಗಿರಲಿಲ್ಲ. ಹನ್ನೊಂದು ವರ್ಷಗಳಿಂದ ಗ್ಯಾಸಿನ ಉಸ್ತುವಾರಿ ಅವನದು. ಮೂರು ಮೆಟ್ಟಿಲು ಕೆಳಗಿನ ಕೋಣೆಯಲ್ಲಿ ಸಿಲಿಂಡರುಗಳು. ಅಲ್ಲಿಂದ ಹೊರಟ ಕಬ್ಬಿಣದ ಪೈಪು, ಹೆಂಗಸರು ಕುಳಿತು ಬಾಟಲಿ ತೊಳೆಯುವ ಜಾಗವನ್ನು ದಾಟಿ ಯಂತ್ರ ಸೇರುತ್ತಿತ್ತು. ಸೋಡಾದ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲ ಹಿಡಿದು ಕೂರುತ್ತದೆ, ನೆಲದಲ್ಲಿ ಕುಳಿತವರ ಉಸಿರಿಗೇ ಮೊದಲು ಕೈಹಾಕುತ್ತದೆ. ಅದಕ್ಕೇ ಪ್ರತಿ ಸೋಮವಾರ ಪೈಪಿನ ಪರೀಕ್ಷೆ, ಗೋಡೆಯ ಕಾರ್ಡಿನಲ್ಲಿ ವ್ಯಾಲೆಂಟೈನನ ಸಹಿ. ಒಂದು ವಾರದ ಸಹಿಯೂ ತಪ್ಪಿರಲಿಲ್ಲ.

ಈ ದಿನ ಕೈಗೆ ಗ್ರೀಸು ಮೆತ್ತಿತೆಂದು ಆ ಕೋಣೆಗೆ ಇಳಿದು ಅಲ್ಲಿನ ಸಾಮಾನಿನ ಪೆಟ್ಟಿಗೆ ತೆರೆದಿದ್ದ. ಹೌಹಾರಿದ್ದ.

"ಕ್ರಿಸ್‌ಮಸ್ ಕಳೆದ ಮೇಲೆ ನಾನೇ ಇಟ್ಟ ಹೊಸ ಬಾರ್ ಸಾಬೂನು. ಈಗ ಇಷ್ಟೇ ಉಂಟು!"

"ಸಾಬೂನು ಮಾತ್ರವಾ?" ಧಣಿ ಜೊಕಿಮ್ ಕನ್ನಡಕ ಸರಿಮಾಡಿಕೊಂಡರು. "ಸಂತ ಅಂತೋನಿಯ ಪಟದ ಹತ್ತಿರ ಇಟ್ಟ ಕ್ಯಾಂಡಲ್ ಸಹ ಕಡಿಮೆ ಆಗ್ತಾ ಉಂಟು."

ಸಂತನ ಮೇಣದಬತ್ತಿಗೂ ಕೈಹಾಕಿದವರು ಯಾರು? ವ್ಯಾಲೆಂಟೈನನ ಕಣ್ಣು ಸೀದಾ ಚೋಮನ ಮೇಲೆ ಹೋಯಿತು.

ಸೋಡಾ ಪೆಟ್ಟಿಗೆ ಹೊರುವ ಚೋಮ ಅರುವತ್ತರ ಹತ್ತಿರದವನು. ಹಿಂದೆ ಪುತ್ತಿಗೆ ಕಡೆ ಗುಡ್ಡ ಕೊರೆದು ನೀರಿನ ಸುರಂಗ ತೋಡುತ್ತಿದ್ದ. ಮಣ್ಣು ಕುಸಿದು ಒಂದು ಕಾಲು ಊನವಾದ ಮೇಲೆ ಆ ಕೆಲಸ ಬಿಟ್ಟ. ಬಾಯಿ ಬಿಟ್ಟರೆ ಸುರಂಗದ್ದೇ ಪುರಾಣ: ದೀಪ ಹಿಡಿದು ಒಳಗೆ ಹೋದದ್ದು, ಕೆಟ್ಟ ಗಾಳಿಗೆ ದೀಪ ಮಂಕಾದಾಗ ಜೀವ ಉಳಿಸಿಕೊಂಡು ಹೊರಗೆ ಬಂದದ್ದು. ಪಾಪ ಎಂದು ಅವನನ್ನು ಇಲ್ಲಿಗೆ ಸೇರಿಸಿದವನು ವ್ಯಾಲೆಂಟೈನನೇ. ಕೆಲವು ತಿಂಗಳಿಂದ ಚೋಮ ಸೋಮವಾರ ಮಾತ್ರ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಬರುತ್ತಿದ್ದ. ಯಾಕೆಂದು ಈಗ ಗೊತ್ತಾಯಿತಲ್ಲ!

"ಚೀಲ ಇಲ್ಲಿ ಕೊಡು."

ಚೋಮ ಅಲುಗಲಿಲ್ಲ. ವ್ಯಾಲೆಂಟೈನ್ ತಾನೇ ಕಿತ್ತುಕೊಂಡು ಬಾಟಲಿಗಳ ನಡುವೆ ಸುರಿದ. ಗಂಜಿಯ ಬುತ್ತಿ. ನೊರೆ ಒಣಗಿ ಅಂಟಿದ ಒಂದು ತೆಂಗಿನ ಗೆರಟೆ, ಅದರೊಳಗೆ ಸಾಬೂನಿನ ಚೂರು. ಒಂದು ಉಂಡೆ ನೂಲು. ಐದು ಮೇಣದಬತ್ತಿಗಳು, ಎಲ್ಲದರ ಬತ್ತಿಯೂ ಕಪ್ಪಾಗಿತ್ತು, ಆದರೆ ಯಾವುದೂ ಒಂದು ಬೆರಳಿನಷ್ಟೂ ಉರಿದಿರಲಿಲ್ಲ.

"ಇದೆಂತ ಚೋಮ?" ಜೊಕಿಮ್ ಕೇಳಿದರು.

ಚೋಮ ವ್ಯಾಲೆಂಟೈನನನ್ನು ನೋಡಿದ. ಗೋಡೆಯ ಕಾರ್ಡನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

"ನಾನೇ ತೆಗೊಂಡದ್ದು ಧಣಿ."

"ಎಂತಕ್ಕೆ?"

"ಬೇಕಿತ್ತು."

ಅಷ್ಟೇ. ಹೆಂಗಸರ ಎದುರು, ಧಣಿಯ ಎದುರು ವ್ಯಾಲೆಂಟೈನನ ಮುಖ ಬಿಸಿಯಾಯಿತು. ಇಂಥವನನ್ನು ಕರೆತಂದವನು ನಾನು! ನಾಚಿಕೆಯಿಂದ ಅವನಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಕಾರ್ಡಿನ ಕಡೆಗಂತೂ ನೋಡಲಾಗಲಿಲ್ಲ.

"ನನ್ನ ಮರ್ಯಾದೆ ತೆಗೆದೆಯಲ್ಲ ಮಾರಾಯ."

"ನಿಮ್ಮ ಮರ್ಯಾದೆ ಹೋಗ್ಲಿಲ್ಲ ವ್ಯಾಲೆಂಟೈನ್ ಪರ್ಬುಗಳೇ," ಎಂದ ಚೋಮ ಮೆಲ್ಲಗೆ. "ನನ್ನಿಂದ ಹೋಗುದೂ ಇಲ್ಲ."

ಜೊಕಿಮ್ ನಿಟ್ಟುಸಿರುಬಿಟ್ಟು, ನಾಳೆಯಿಂದ ಬರುವುದು ಬೇಡ ಎಂದರು. ಚೋಮ ಬರಿದಾದ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡ. ಹೋಗುವಾಗ ಹೆಂಗಸರ ಬಳಿ ಒಂದು ಕ್ಷಣ ನಿಂತ.

"ಬಾಗಿಲು ತೆರೆದೇ ಇಡಿ ಆಯ್ತಾ," ಎಂದು ಹೇಳಿ ಕುಂಟುತ್ತಾ ರಸ್ತೆಗಿಳಿದ.

ಯಾರೂ ಕೆಲಸ ಶುರುಮಾಡಲಿಲ್ಲ. ರಾಜೀವಿಯ ಕಣ್ಣು ತುಂಬಿತ್ತು.

"ಫೆಬ್ರವರಿಯಲ್ಲಿ ನಮಗೆ ದಿನಾ ತಲೆನೋವು ಧಣಿ. ಕೂತಲ್ಲಿಗೇ ಕಣ್ಣು ಕತ್ತಲೆ ಬರ್ತಿತ್ತು. ಆಗ ಚೋಮಣ್ಣ ನೆಲದಲ್ಲಿ ಕ್ಯಾಂಡಲ್ ಹೊತ್ತಿಸಿ ಇಟ್ಟು ನೋಡಿದ್ರು. ಆಮೇಲೆ ತಲೆನೋವೇ ಇಲ್ಲ."

"ಎಂತ, ಮಂತ್ರ ಹಾಕಿದ್ನಾ?" ವ್ಯಾಲೆಂಟೈನ್ ನಕ್ಕ. ಜೊತೆಗೆ ನಗುವವರು ಯಾರೂ ಇರಲಿಲ್ಲ.

ಜೊಕಿಮ್ ಕೆಳಗಿನ ಕೋಣೆಗೆ ಇಳಿದರು. ಬಹಳ ಹೊತ್ತು ಅಲ್ಲೇ ಇದ್ದರು. ಮೇಲೆ ಬಂದಾಗ ಅವರ ಮೊಣಕಾಲಿಗೆಲ್ಲ ಧೂಳು. ಗೋಡೆಯಿಂದ ಕಾರ್ಡನ್ನು ಕಳಚಿಕೊಂಡು, ವ್ಯಾಲೆಂಟೈನನನ್ನು ಪಕ್ಕಕ್ಕೆ ಕರೆದರು.

"ಪೈಪಿನ ಮೂರನೇ ಜಾಯಿಂಟು ಬಿಗಿಮಾಡಿ ಹೊಸ ನೂಲು ಸುತ್ತಿ ಆಗಿದೆ. ನೀನು ಮಾಡಿದ್ದಾ?"

"ಹೌದು."

"ಒಳ್ಳೆ ಕೆಲಸ. ಎಲ್ಲ ಜಾಯಿಂಟಿನ ಸುತ್ತ ಒಣಗಿದ ನೊರೆಯ ಬಿಳಿ ಗುರುತು ಉಂಟು. ಅದೂ ನೀನೇ?"

"ನಾನೇ. ಸೋಮವಾರ ಸೋಮವಾರ."

ಜೊಕಿಮ್ ಆ ತೆಳ್ಳಗಿನ ಸಾಬೂನನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚಿದರು.

"ವಾರ ವಾರ ಪೈಪಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಬರ್ತದಾ ಅಂತ ನೋಡಿ ಸಹಿ ಹಾಕಿದವ ನೀನೇ ಆದ್ರೆ, ಈ ಸಾಬೂನು ಸವೆದದ್ದು ನಿಂಗೆ ಕಳ್ಳತನ ಅಂತ ಯಾಕೆ ಕಂಡಿತು ವ್ಯಾಲೆಂಟೈನ್?"