ಎಂಟು ಗಾಲಿಗೆ ಎಂಟು ನಿಂಬೆಹಣ್ಣು

ಅಣುವಿದ್ಯುತ್ ಸ್ಥಾವರಗಳೂ ಡೇಟಾ ಸೆಂಟರುಗಳೂ ಲಾರಿಯ ಮೇಲೆ ಊರೂರು ಸುತ್ತತೊಡಗಿ ವರ್ಷಗಳೇ ಆಗಿದ್ದವು. ಹಿರಿಯೂರಿನ ಬಯಲಲ್ಲಿ ಅಂಥದ್ದೊಂದು ಸ್ಥಾವರ ನೋಡಿಕೊಳ್ಳುತ್ತಿದ್ದ ಓಬಳೇಶ, ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಎಂಟು ಗಾಲಿಗಳ ಮುಂದೆ ಎಂಟು ನಿಂಬೆಹಣ್ಣು ಇಟ್ಟ. ಇಟ್ಟ ಮೇಲೆ ಗಾಡಿ ಮುಂದೆ ಹೋಗಿ ಹಣ್ಣು ಅಪ್ಪಚ್ಚಿಯಾಗಲೇಬೇಕಲ್ಲ. ಆದರೆ ಪಕ್ಕದ ಡೇಟಾ ಸೆಂಟರಿಗೆ ಹೋಗುವ ಕೇಬಲ್ಲು ಗೇಣುದ್ದವೂ ಸಡಿಲವಿರಲಿಲ್ಲ.

ಅಲ್ಲಿನ ಮ್ಯಾನೇಜರ್ ಪ್ರಫುಲ್ಲಾ ಮೇಡಂ ಓಡಿ ಬಂದರು. "ಕೇಬಲ್ ಕಿತ್ಕೊಂಡ್ರೆ ಅರ್ಧ ದೇಶದ ಫೋನುಗಳು ಉತ್ತರ ಕೊಡೋದನ್ನೇ ನಿಲ್ಲಿಸ್ತವೆ. ಹಣ್ಣು ತೆಗೆದುಬಿಡಪ್ಪ."

"ಇಟ್ಟಿದ್ದನ್ನ ತೆಗೀಬಾರ್ದು ಮೇಡಂ. ಹೋದ್ವರ್ಷ ತೆಗೆದಿದ್ದಕ್ಕೇ ಪಂಪು ಮೂರು ಸಲ ಕೆಟ್ಟಿದ್ದು."

ಮೇಡಂ ಕೇಬಲ್ ನೋಡಿದರು, ಗಡಿಯಾರ ನೋಡಿದರು. ರಾಹುಕಾಲಕ್ಕೆ ಇನ್ನು ಹತ್ತೇ ನಿಮಿಷ. ಆಮೇಲೆ ತಿರುಗಿ ತಮ್ಮ ಲಾರಿಯನ್ನೂ ನೋಡಿದರು.

"ನೀನು ಎಷ್ಟು ಮುಂದೆ ಹೋಗ್ತೀಯೋ ನಾವೂ ಅಷ್ಟೇ ಬರ್ತೀವಿ. ಕೇಬಲ್ ಇದ್ದಂಗೇ ಇರುತ್ತೆ," ಎಂದರು.

ಓಬಳೇಶ ಡ್ರೈವರ್ ಸೀಟು ಹತ್ತಿ ಕೂತ. ಮೇಡಂ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ನಿಂಬೆಹಣ್ಣು ಇನ್ನೆಷ್ಟು ಉಳಿದಿವೆ? ನಮ್ದು ಹನ್ನೆರಡು ಗಾಲಿ."